ನಾವು ಅನಬ್ಯಾಡ

ಸೊಲ್ಲಾಪುರ. ಯುನಿಫಾರ್ಮ್ ಅಂಗಡಿಯ ಷಟರ್ ಅರ್ಧಕ್ಕಿಳಿಸಿ
ತಲೆಯಿಲ್ಲದ ಬೊಂಬೆಗಳೆದುರು ಕೂತಿದ್ದೇನೆ.
ನಾಳೆ ಹನ್ನೊಂದಕ್ಕೆ ಪುಣೆಯವರ ಇಂಟರ್‌ವ್ಯೂ, ಪ್ರಾಡಕ್ಟ್ ಮ್ಯಾನೇಜರ್ ಕೆಲಸ.
ಹಾಳೆ ಹಿಡಿದು ತಮ್ಮ ಸಿದ್ರಾಮ ಸಾಹೇಬನಾಗಿದ್ದಾನೆ:
"ನೀವು ಸೋತ ಒಂದು ಪ್ರಸಂಗ ಹೇಳ್ರಿ."

ನಾನೂರು ಅಂಗಿ. ನನ್ನ ಆ್ಯಪಿನ ತಪ್ಪಿಗೆ ಜೇಬೆಲ್ಲ ಬಲಕ್ಕೆ.
ನಾವು ಎರಡು ರಾತ್ರಿ ಕೂತು—

"ನಾವು ಅನಬ್ಯಾಡಕ್ಕಾ, ನಾನು ಅನ್ನು.
ಇದರಾಗ ಹಂಗ ಬರದಾರ."

ನಾನು ತಪ್ಪು ಗುರುತಿಸಿದೆ. ನಾನು ಆದ್ಯತೆ ಗೊತ್ತುಮಾಡಿದೆ.
ನಾನು ಗಡುವಿನೊಳಗೆ ತಲುಪಿಸಿದೆ.
"ಎರಡು ನಿಮಿಷ. ಭೇಷ್!"

ಹೊಲಿಗೆ ಬಿಚ್ಚಿದ್ದು ನೀಲವ್ವ,
ಬ್ಲೇಡು ಕೊಯ್ದ ಹೆಬ್ಬೆರಳು ಸೆರಗಿಗೊರಸಿ,
"ಜೇಬ ಯಾವ ಕಡೆ ಇದ್ದರೇನವ್ವಾ,
ಹುಡುಗೂರು ತುಂಬೂದು ಹುಣಸಿಬೀಜ" ಅಂತ ನಕ್ಕು.

"ಮತ್ತೊಮ್ಮೆ, ಮೊದಲಿಂದ."
ನಾ—
ಅನ್ನುವಷ್ಟರಲ್ಲಿ ಹಲ್ಲು
ಕೆಳತುಟಿಗೆ ತಾಗಿಬಿಟ್ಟಿತ್ತು.