ಕೈ ತೊಳದ ಮ್ಯಾಲೆ

ಮೊದಲು ಸಬಕಾರ, ಆಮೇಲೆ ಹುಣಸಿಹಣ್ಣು,
ಬಾಜೂಕಿನ ಮಾಬೂಬಿ ಹೇಳಿದಂಗ ಹುಳಿ ಮಜ್ಜಿಗಿ,
ಕಡೀಕ ಒಂದೀಟು ಕೊಬ್ಬರಿ ಎಣ್ಣಿ.
ಎಷ್ಟು ತೊಳದ್ರೂ ಬ್ಯಾಡಗಿ ಕೈ ಬಿಟ್ಟು ಹೋಗೂದಿಲ್ಲ.
ಉಗುರಿನ ಸಂದ್ಯಾಗ ಕುಂತಿರತೈತಿ
ಬಾಡಿಗಿ ಕೊಡದ ಬಿಡಾರದವರಂಗ.

ನಮ್ಮೂರ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮಿ
ಅಂತ ಹೊಗಳ್ತಾರ ದೂರದೂರಿನವರು.
ಖರೇನ. ಉಣ್ಣಾಕ ಕುಂತಾಗ.
ಮುಂಜಾನಿ ಎಂಟಕ್ಕ ಖಾಲಿ ಚೀಲದ ಮ್ಯಾಲೆ ಕುಂತು
ಸಂಜಿ ಆರರ ತನಕ ತುಂಬು ಬಿಡಿಸಿ ನೋಡ್ರಿ,
ಆಮೇಲೆ ಹೇಳ್ರಿ.
ಪಗಾರ ಕಿಲೋ ಲೆಕ್ಕ. ಸೀನಿಗೆ ಲೆಕ್ಕಿಲ್ಲ.
ಒಂದು ಸೀನಿಗೆ ನಾಕು ಕಾಯಿ ಹಿಂದ ಬೀಳತೀವಿ.

ಹುಡುಗರ ಅಪ್ಪ ಲಾರಿ ಮ್ಯಾಲೆ.
ಸೋಮವಾರ, ಗುರುವಾರ ಪ್ಯಾಟಿ ತುಂಬಿತಂದ್ರ ಮನಿ ಖಾಲಿ.
ನಾ ಬರೂದ್ರಾಗ ಅಂವ ಹೊಂಟಿರತಾನ,
ಅಂವ ಬರೂದ್ರಾಗ ನಾ ಹೊಂಟಿರತೇನಿ,
ನಡುವ ಒಂದು ಕೀಲಿಕೈ
ಮಾಬೂಬಿ ಮನಿ ಮೊಳಿಗೆ ಜೋತುಬಿದ್ದು ಇಬ್ಬರನ್ನೂ ಕಾಯತೈತಿ.
ರಾತ್ರಿ ಮೋಟೆಬೆನ್ನೂರ ಕಡಿಂದ ಹಾರನ್ನು ಕೇಳಿದ್ರ ಸಾಕು,
ಯಾರ ಲಾರಿ ಇದ್ರೂ ಪುಟ್ಟರಾಜ
ಹಾಸಿಗ್ಯಾಗ ಮಲಕೊಂಡ "ಅಪ್ಪಾ" ಅಂತಾನ.

ರೇಖವ್ವ ಒಂಬತ್ತರಾಕಿ.
ಎರಡೂ ಜಡಿ ತಾನ ಹಾಕ್ಕೋತಾಳ,
ಒಂದು ಮ್ಯಾಲೆ, ಒಂದು ಕೆಳಗ.
ತಮ್ಮಗ ಅನ್ನ ಕಲಸಿ ಕೊಡತಾಳ.
ಕಿರಾಣಿ ಅಂಗಡ್ಯಾಗ "ಅವ್ವ ಶನಿವಾರ ಕೊಡತಾಳ್ರಿ" ಅಂತ
ದೊಡ್ಡವರ ದನಿ ತಗೀತಾಳ.
ಸಾಲ್ಯಾಗ ಪಾಲಕರ ಸಹಿ ಕೇಳಿದ್ರ
ನನ್ನ ಸಹಿ ನನಗಿಂತ ಚಂದ ಮಾಡತಾಳ.
ನೋಡೀನಿ. ಬೈದಿಲ್ಲ.

ಹ್ವಾದ ವರ್ಷ ಒಂದು ರಾತ್ರಿ
ಪುಟ್ಟರಾಜ ನಿದ್ದಿಗಣ್ಣಾಗ ಅಳಾಕತ್ತಿದ್ದ.
ಕಣ್ಣೀರು ಒರಸಿದೆ.
ಅಷ್ಟ ನಾ ಮಾಡಿದ್ದು.
ಅವನ ಚೀರಾಟಕ್ಕ ಓಣಿಯೆಲ್ಲಾ ಎದ್ದು ಬಂತು.
ಮಾಬೂಬಿ ಎತಗೊಂಡು ನೀರು ಗೊಜ್ಜಿದ್ಲು,
ಗೊಜ್ಜಿದ್ಲು, ಗೊಜ್ಜಿದ್ಲು.
ನಾ ಕೈ ಹಿಂದ ಕಟಗೊಂಡು
ಗ್ವಾಡಿಗೆ ಆತು ನಿಂತಿದ್ದೆ, ಸಿಕ್ಕಬಿದ್ದ ಕಳ್ಳರಂಗ.

ಅವತ್ತಿನಿಂದ ಮನ್ಯಾಗ ಒಂದು ಕಾನೂನು.
ಅವ್ವ ಮಾರಿ ಮುಟ್ಟಂಗಿಲ್ಲ.
ಮೊಣಕೈಲೆ ತಬ್ಬಿಕೋತೇನಿ,
ಗಲ್ಲದಿಂದ ತಲಿ ಸವರತೇನಿ,
ಜ್ವರ ಬಂದ್ರ ಹಣಿಗೆ ಹಣಿ ಹಚ್ಚಿ ನೋಡತೇನಿ.
ನೊಣ ಕುಂತ್ರ ಉಫ್ ಅಂತ ಊದತೇನಿ.
ಆಕಳಿಗೂ ನಾಲಿಗಿ ಐತಿ, ಕರುವಿನ ಮಾರಿ ನೆಕ್ಕಾಕ.

ಜೂನಿನಾಗ ಮಳಿ ಬಿತ್ತು.
ಪ್ಯಾಟ್ಯಾಗ ಕೆಂಪು ಅಳಿದು ಬರೇ ಸಿಮೆಂಟು ಉಳೀತು.
ಎಂಟು ದಿನ. ಹದಿನೈದು ದಿನ.
ಮೊದಲು ನನ್ನ ಕಣ್ಣಿಗೇ ಬೆರಳು ಹಚ್ಚಿ ನೋಡಿದೆ.
ಉರೀಲಿಲ್ಲ.
ನೀರು ಬಂತು ಸ್ವಲ್ಪ ಹೊತ್ತಿನ ಮ್ಯಾಲೆ,
ಅದು ಬ್ಯಾರೆ.

ಪುಟ್ಟಾ, ಬಾ ಇಲ್ಲೆ, ಅಂದೆ.
ಅವ್ವನ ಕೈ ತಣ್ಣಗಾಗ್ಯಾವ.
ಬಂದ. ಎದುರಿಗೆ ನಿಂತ.
ಕೈ ಎತ್ತಿದೆ.
ಕಣ್ಣು ಗಟ್ಟಿ ಮುಚ್ಚಿದ, ಉಸಿರು ಹಿಡದ,
ಸೂಜಿ ಮಾಡಿಸ್ಕೊಳ್ಳಾಕ ನಿಂತವರಂಗ.
ಓಡಿ ಹೋಗಿದ್ರ ನಕ್ಕು ಬಿಡತಿದ್ದೆ.
ಓಡಲಿಲ್ಲ ಅಂವ.

ಎತ್ತಿದ ಕೈ ಎತ್ತಿದಲ್ಲೇ ಇತ್ತು.
ರೇಖವ್ವ ಬಂದು ಬೆರಳು ಒಂದೊಂದ ಹಿಡದು
ಮೂಸಿ ನೋಡಿದ್ಲು, ಹಣ್ಣು ಆರಿಸುವವರಂಗ.
"ಏನಿಲ್ಲೋ ತಮ್ಮಾ" ಅಂದ್ಲು.
ಆಮೇಲೆ ತನ್ನ ಮಾರಿ ಮುಂದ ಮಾಡಿ
"ಮೊದಲು ನನಗ ಮುಟ್ಟವ್ವಾ, ಅಂವ ನೋಡಲಿ."

ಅಕಿ ಕಣ್ಣೂ ಮುಚ್ಚಿದ್ವು.
ರೆಪ್ಪಿ ಸಣ್ಣಗ ನಡಗತಿದ್ವು.

ಮುಟ್ಟಲಿಲ್ಲ ನಾ, ಮಾರಿ.
ಬೆನ್ನು ತಿರುಗಿಸಿ ಕುಂದರಿಸಿಕೊಂಡು ಜಡಿ ಬಿಚ್ಚಿದೆ,
ಮ್ಯಾಲಿಂದು ಮೊದಲು.
ಬಾಚಣಿಗಿ ತೊಗೊಳ್ಳಲಿಲ್ಲ, ಬೆರಳಿಲೇನ ಸಿಕ್ಕು ಬಿಡಿಸಿದೆ.
ಪುಟ್ಟರಾಜ ನಿಂತಲ್ಲೇ ನಿಂತು
ಒಂದ ಕಣ್ಣು ತಗದು ನೋಡಾಕತ್ತಿದ್ದ.