ಅಂಚಿನ ಹೆಬ್ಬೆರಳು

ಪೇಸ್ಲಿಯಲ್ಲಿ, ಟೈರಿನ ಗೋದಾಮಿನ ಹಿಂದೆ,
ಒಂಬತ್ತನೇ ಶೆಡ್ಡು, ಡಬ್ಬಿ ಇನ್ನೂರ ಹನ್ನೆರಡು.
ಬ್ಯಾಂಕಿನ ಪ್ರಕಾರ ನಾನಿರುವುದು ಅಲ್ಲಿ.
ಗೇಣಗಲ, ಮೊಳದುದ್ದ.
ಬಾಡಿಗೆ ವರ್ಷಕ್ಕೊಮ್ಮೆ.
ಇಲ್ಲಿ, ಉಲಾನ್‌ಬಾತರಿನ ಆರನೇ ಮಹಡಿಯಲ್ಲಿ,
ಕಲ್ಲಿದ್ದಲ ಹೊಗೆ ಗಾಜಿಗೆ ಮುಖವೊತ್ತಿ ನಿಂತಿರುವಾಗ
ಚಹಾಕ್ಕೆ ಉಪ್ಪು ಹಾಕಲು ಕಲಿಯುತ್ತಿರುವ
ಇಷ್ಬೆಲ್ ಮೆಕ್‌ಫೇಲ್
ಯಾವ ಕಡತದಲ್ಲೂ ಇಲ್ಲ.

ಅಂಚೆಯವನು ಇಲ್ಲಿ ಬಾಗಿಲು ತಟ್ಟುವುದಿಲ್ಲ.
ಮನೆಯೆಲ್ಲಿ ಎಂದು ಕೇಳಿದರೆ ಪಕ್ಕದ ಒಯುನ್ಚಿಮೆಗ್
ವಿಳಾಸ ಹೇಳುವುದಿಲ್ಲ, ದಾರಿ ಹೇಳುತ್ತಾಳೆ:
ಸರ್ಕಸ್ಸು ದಾಟು, ನೀಲಿ ಔಷಧದಂಗಡಿ ಸಿಗುತ್ತೆ,
ಅಲ್ಲಿ ನಿಂತು ಫೋನು ಮಾಡು, ಇಳಿದು ಬರ್ತೀನಿ.

ನನಗೆ ಬಂದ ಕಾಗದಗಳನ್ನು ಅಲ್ಲಿ ಯಾರೋ
ಗಾಜಿನ ಮೇಲೆ ಬೋರಲು ಮಲಗಿಸಿ
ಚಿತ್ರ ತೆಗೆದು ಕಳಿಸುತ್ತಾರೆ.
ಕೆಳಗೆ ಮೂರು ಗುಂಡಿ: ತೆರೆ. ರವಾನಿಸು. ನಾಶಮಾಡು.
ಮೊದಮೊದಲು ಲಕೋಟೆಯನ್ನಷ್ಟೇ ನೋಡುತ್ತಿದ್ದೆ.
ಒಂದು ಸಲ, ಪಿಂಚಣಿ ಕಚೇರಿಯ ಕಂದು ಕವರಿನ ಅಂಚಿನಲ್ಲಿ
ಹೆಬ್ಬೆರಳು.

ಕಚ್ಚಿದ ಉಗುರು.
ನವೆಂಬರಿನಲ್ಲಿ ನೀಲಿ ಪಟ್ಟಿ ಸುತ್ತಿತ್ತು,
ಕಾಗದ ಕುಯ್ದಿರಬೇಕು, ಬಹುಶಃ ನನ್ನದೇ.
ಚಳಿ ಬಲಿತಂತೆ ಬದಿಯಲ್ಲಿ ಬಿರುಕು,
ನನ್ನ ಹಿಮ್ಮಡಿಯಲ್ಲಿದ್ದಂಥದೇ.
ಮತ್ತೊಮ್ಮೆ ಮಣಿಕಟ್ಟೂ ಸಿಕ್ಕಿಬಿದ್ದು
ಪೆನ್ನಿನ ಬರಹ ಕಂಡಿತು: ಹಲ್ಲು, ನಾಲ್ಕಕ್ಕೆ.
ಅವತ್ತು ನಾಲ್ಕಕ್ಕೆ, ಅಂದರೆ ನನ್ನ ನಡುರಾತ್ರಿಗೆ,
ನಾಲಿಗೆ ತಾನಾಗಿ ನನ್ನ ದವಡೆ ತಡಕಿತು.

ಗಂಡೋ ಹೆಣ್ಣೋ ತಿಳಿಯದು.
ಕೇಳಿದೆ ಕೂಡ, ನಾಚಿಕೆ ಬಿಟ್ಟು.
‘ಗ್ರಾಹಕರ ಗೌಪ್ಯತೆ ನಮಗೆ ಮುಖ್ಯ’ ಎಂದು
ಐದು ನಕ್ಷತ್ರದ ಪ್ರಶ್ನೆಯೊಂದಿಗೆ ಉತ್ತರ ಬಂತು.

ಪುರಸಭೆಯ ನಮೂನೆ ಬಂದಿತ್ತು ಒಮ್ಮೆ:
ಈ ವಿಳಾಸದಲ್ಲಿ ನಿಮ್ಮೊಂದಿಗೆ ಬೇರೆ ಯಾರು ವಾಸ?
ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತೆ.

ಆಮೇಲೆ ಫರ್ಗಸ್ ಬರೆದ.
ಒಂಬತ್ತು ವರ್ಷ ಮಾತು ಬಿಟ್ಟ ತಮ್ಮ,
ಅದೇ ಇರುವೆ ಸಾಲಿನ ಅಕ್ಷರ.
‘ತೆರೆ’ ಒತ್ತಿದೆ. ಎರಡು ಹಾಳೆ.
ಮೊದಲನೆಯದು ಹವೆ, ದೋಣಿ, ನಾಯಿಯ ಕಾಲು.
ಎರಡನೆಯದರ ಕೊನೆಗೆ
‘ಆ ಗಡಿಯಾರವನ್ನು ನಾನು’
ಅಷ್ಟೇ. ಮುಂದಿನ ಪದದ ಮೇಲೆ ಹೆಬ್ಬೆರಳು
ಗಟ್ಟಿಯಾಗಿ ಕೂತಿದೆ.
ಮಾರಿದೆನೋ, ಇಟ್ಟಿರುವೆನೋ,
ಸಿಟ್ಟಿನಲ್ಲಿ ಕಡಲಿಗೆಸೆದೆನೋ.
ಮರುಚಿತ್ರಕ್ಕೆ ಎರಡು ಪೌಂಡು.
ಹಾಳೆಯೇ ಬೇಕೆಂದರೆ ಹದಿನಾಲ್ಕು, ಐದು ವಾರ.
ಎರಡು ಪೌಂಡು ನನ್ನ ಹತ್ತಿರ ಇರಲಿಲ್ಲ ಅಂತಲ್ಲ.
ಆ ಬೆರಳು ಎತ್ತಿಸಲು ಮನಸ್ಸು ಬರಲಿಲ್ಲ.
‘ಸರಿ ಬಿಡು’ ಎಂದು ತಮ್ಮನಿಗೆ ಬರೆದೆ.
ಯಾವುದಕ್ಕೆ ಸರಿ ಎಂದೆನೋ ಅವನಿಗೇ ಗೊತ್ತು.

ನರಾನ್‌ತೂಲ್ ಸಂತೆಯಲ್ಲಿ ಚೌಕಾಸಿ ಮಾಡಿ
ಒಂಟೆಯುಣ್ಣೆಯ ಕೈಗವಸು ಕೊಂಡೆ ಒಂದು ಜೊತೆ.
ಅಳತೆ ಕೇಳಿದಳು ಅಂಗಡಿಯವಳು.
ನನ್ನ ಹೆಬ್ಬೆರಳು ತೋರಿಸಿ, ‘ಇದಕ್ಕಿಂತ ಒಂಚೂರು ದಪ್ಪ’ ಎಂದೆ.
ಕಟ್ಟಿ, ಸುತ್ತಿ, ನನ್ನದೇ ಹೆಸರು ಬರೆದು
ನನಗೇ ಕಳಿಸಿದೆ, ಡಬ್ಬಿ ಇನ್ನೂರ ಹನ್ನೆರಡಕ್ಕೆ.
ಒಳಗೊಂದು ಚೀಟಿ: ನಿಮಗೆ.

ಏಳನೇ ವಾರ ಸೂಚನೆ ಬಂತು:
ಒಂದು ಪೊಟ್ಟಣ, ನೂರಾ ತೊಂಬತ್ತು ಗ್ರಾಂ.
ತೆರೆ. ರವಾನಿಸು. ನಾಶಮಾಡು.
ಇಟ್ಟುಕೋ ಎನ್ನುವ ಗುಂಡಿ
ಯಾರೂ ಮಾಡಿಟ್ಟಿಲ್ಲ.
‘ತೆರೆ’ ಒತ್ತಿ ಒಂದು ದಿನ ಬಿಟ್ಟೆ.
ಮರುದಿನ, ಕಣ್ಣು ಮುಚ್ಚಿ, ‘ನಾಶಮಾಡು’.

ನಿಯಮದಂತೆ ಸಾಕ್ಷಿಯ ಚಿತ್ರ ಕಳಿಸಿದ್ದಾರೆ:
ಪಾರದರ್ಶಕ ಚೀಲ, ಕಂದು ಕಾಗದದ ಚಿಂದಿ,
ನನ್ನ ಹೆಸರಿನ ಅರ್ಧ.
ಹಿಗ್ಗಿಸಿ ಹಿಗ್ಗಿಸಿ ನೋಡಿದೆ.
ಉಣ್ಣೆಯ ಎಳೆ ಒಂದೂ ಇಲ್ಲ.
ಚೀಟಿಯೂ.