ಹನ್ನೆರಡನೆಯ ಗೆರೆ

ಮುಹರಕ್ಕಿನ ಲಾಂಡ್ರಿಯಲ್ಲಿ ಎಡಿತಾ
ಬಿಲ್ಲಿನ ಬೆನ್ನಿಗೆ ಬರೆದುಕೊಂಡಳು
ಮನಿಲಾದ ಸೆನೆಟ್ಟಿಗೆ ಹನ್ನೊಂದು ಹೆಸರು.
ಹನ್ನೆರಡನೆಯದಕ್ಕೆ ಪೆನ್ನು ಕಚ್ಚಿ ನಿಂತಳು:
ಒಬ್ಬ ಕಳ್ಳ,
ಇನ್ನೊಬ್ಬ ಕಳ್ಳನ ಅಳಿಯ.

ಶುಕ್ರವಾರ ರಾಯಭಾರ ಕಚೇರಿ, ಬಿಸಿಲಿನ ಸಾಲು.
ಮರಳಿದಾಗ ಬೆರಳಲ್ಲಿ ಶಾಯಿ.
ಬಿಳಿ ತೋಬು ಮುಟ್ಟಬೇಡ ಎಂದ ಯಜಮಾನ;
ಸಂಜೆವರೆಗೂ ಕಾಲುಚೀಲ ಜೋಡಿಸಿದಳು.

ಅಧ್ಯಕ್ಷ ಹಾಗೇ ಇರುತ್ತಾನಂತೆ,
ಮನೆಯೂ ಅರ್ಧ ಮಾತ್ರ ಬದಲಂತೆ.
ಉಳಿದರ್ಧ? ಇಸ್ತ್ರಿಯ ಹಬೆಯಲ್ಲಿ ಕೇಳಿದೆ.
'ಕೂತಿದೆ, ಎದ್ದರೆ ತಾನೇ' ಅಂದಳು.

ನಾನು ಗಂಗೊಳ್ಳಿಯವ.
ನನ್ನ ಮತದ ಚೀಟಿಯಲ್ಲಿ ಇನ್ನೂ ಮೀಸೆ ಮೂಡಿಲ್ಲ.
ಗುಂಡಿ ಒತ್ತಲು ಊರಿಗೇ ಹೋಗಬೇಕು,
ಟಿಕೆಟ್ಟಿಗೆ ಎರಡು ತಿಂಗಳ ಸಂಬಳ.
ಮೂರು ಸರ್ಕಾರ ಬಿದ್ದವು, ಎದ್ದವು.
ನಾನು ಕಾಲರು ತಿಕ್ಕುತ್ತಿದ್ದೆ.

ಎಣಿಕೆಯ ರಾತ್ರಿ
ಸೋಪಿನ ಡಬ್ಬಕ್ಕೆ ಒರಗಿತ್ತು ಅವಳ ಫೋನು.
ಹಳಬರೂ ಹೊಸಬರೂ ಸೇರಿ
ಅವಳ ಕಡೆ ಹನ್ನೊಂದು, ಆ ಕಡೆ ಹನ್ನೆರಡು,
ಒಂದು ಬಾಕಿ.
ಬೆಳಗಿನ ಬಾಂಗಿನ ಹೊತ್ತಿಗೆ ಅದೂ ತಿಳಿಯಿತು.
ಅಳಿಯ.

'ಆ ಗೆರೆ ಖಾಲಿ ಬಿಟ್ಟೆಯಾ?'

ಅವಳು ಮಾತಾಡಲಿಲ್ಲ.
ಯಾರದೋ ತೋಬಿನ ಕೊರಳಗುಂಡಿ ಕಿತ್ತುಹೋಗಿತ್ತು;
ಯಂತ್ರದೊಳಗೆ ಭುಜದವರೆಗೆ ಕೈಹಾಕಿ
ತಡಕುತ್ತಲೇ ಇದ್ದಳು.